ಬೇಡವೆನ್ನುವ ದನಿ

ಮನುಷ್ಯನ ಅಂತರಂಗದಲ್ಲಿ ಧರ್ಮಪ್ರಜ್ಞೆಯೆಂಬುದೊಂದು ಇರುವುದಾದರೆ, ಅದರ ಕಾರ್ಯ ದಾರಿ ತೋರುವುದೋ ಅಥವಾ ತಡೆಯುವುದು ಮಾತ್ರವೋ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ನ್ಯಾಯಸಭೆಯ ಮುಂದೆ ನಿಂತ ಸಾಕ್ರಟೀಸನು, ಬಾಲ್ಯದಿಂದಲೂ ತನಗೆ ಕೇಳಿಬರುತ್ತಿದ್ದ ಒಂದು ದನಿಯು ತನ್ನನ್ನು ಹಿಂದೆಳೆಯುತ್ತಿತ್ತೇ ಹೊರತು ಯಾವ ಕಾರ್ಯಕ್ಕೂ ಎಂದೂ ಪ್ರೇರಿಸಿದ್ದಿಲ್ಲವೆಂದು ನುಡಿದನೆಂದು ಪ್ಲೇಟೋ ಬರೆದಿದ್ದಾನೆ. ಬರಿಯ ನಿಷೇಧವು ಬಾಳಿಗೆ ಆಧಾರವಾದೀತೆ ಎಂದು ಶಂಕಿಸುವವರು ಕಾರಿನ ಏ.ಸಿ.ಯ ರಚನೆಯನ್ನು ಒಮ್ಮೆ ಗಮನಿಸಬೇಕು.

ಅದರ ಕೊಳವೆಯಲ್ಲಿರುವ ಪ್ರೆಷರ್ ಸ್ವಿಚ್ಚು ಗಾಳಿಯನ್ನು ತಂಪುಗೊಳಿಸತಕ್ಕದ್ದಲ್ಲ. ಕೊಳವೆಯಲ್ಲಿ ಸಂಚರಿಸಿ ತಂಪನ್ನುಂಟುಮಾಡುವ ಗ್ಯಾಸಿನ ಒತ್ತಡವು ತಕ್ಕ ಮೇರೆಯೊಳಗಿರುವ ತನಕ ವಿದ್ಯುತ್ತಿಗೆ ಎಡೆಗೊಟ್ಟು ಸುಮ್ಮನಿರುವುದು, ಮೇರೆ ಮೀರಿದೊಡನೆ ಕಂಪ್ರೆಸರಿನ ಕ್ಲಚ್ಚನ್ನು ಬಿಡಿಸುವುದು, ಇಷ್ಟೇ ಅದರ ವೃತ್ತಿ. ಕಂಡೆನ್ಸರಿನ ಫ್ಯಾನು ಕೆಟ್ಟು ಒತ್ತಡವು ಸುಮಾರು 30 ಬಾರ್‌ವರೆಗೆ ಏರಿದಾಗ ತಡೆಯಬೇಕಾದುದು ಯಾರಿಗಾದರೂ ತಿಳಿಯುವಂಥದು. ಆದರೆ ಒತ್ತಡವು 2 ಬಾರ್‌ನ ಆಸುಪಾಸಿಗೆ ಇಳಿದಾಗಲೂ ತಡೆಯುವುದೇಕೆ? ಕಂಪ್ರೆಸರನ್ನು ಸವೆತದಿಂದ ಕಾಯತಕ್ಕ ಎಣ್ಣೆಯು ಗ್ಯಾಸಿನೊಡನೆ ಬೆರೆತೇ ಸಂಚರಿಸುವುದರಿಂದ, ಗ್ಯಾಸು ಸೋರಿಹೋದಲ್ಲಿ ಎಣ್ಣೆಯೂ ಸಾಕಷ್ಟು ಮರಳಿ ಬಾರದೆ, ಹೊರಗೆ ಯಾವ ಅಬ್ಬರವೂ ಇಲ್ಲದಿರುವಾಗಲೇ ಒಳಗೆ ಲೋಹಕ್ಕೆ ಲೋಹ ಉಜ್ಜಿ ಕಂಪ್ರೆಸರು ಜಾಮ್ ಆಗಿಬಿಡುವುದುಂಟು. ಬಾಳಿನಲ್ಲಿಯೂ ಹೀಗೆಯೇ ಎರಡು ಮೇರೆಗಳುಂಟು. ಅತಿಭೋಗವನ್ನು ಹಳಿದ ನೀತಿಕಾರರು ಎಲ್ಲ ದೇಶಗಳಲ್ಲಿಯೂ ಇದ್ದರು. ಬರಿದಾಗುವುದರಲ್ಲಿಯೂ ಅಪಾಯವುಂಟೆಂಬುದನ್ನು, ಉಪವಾಸದಿಂದ ದೇಹವನ್ನು ಬತ್ತಿಸಿ ನೋಡಿದ ಬಳಿಕ ಗೌತಮ ಬುದ್ಧನು ಅರಿತನು. ಎರಡು ಕೊನೆಗಳಲ್ಲಿಯೂ ಕಾವಲಿಟ್ಟ ಆ ಮಧ್ಯಮಮಾರ್ಗವೇ ನನಗೆ ಹೆಚ್ಚು ಪೂರ್ಣವಾದ ದರ್ಶನವಾಗಿ ತೋರುತ್ತದೆ.

ಕೆಲವು ವರ್ಕ್‌ಶಾಪುಗಳಲ್ಲಿ ಸ್ವಿಚ್ಚಿನ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿ ಬೈಪಾಸ್ ಮಾಡುವುದುಂಟು. ಕಂಪ್ರೆಸರು ಮತ್ತೆ ತಿರುಗತೊಡಗುತ್ತದೆ. ಒಡೆಯನಿಗೆ ಸಮಾಧಾನವೂ ಆಗುತ್ತದೆ. ಕಾಯುವವರು ಮಾತ್ರ ಯಾರೂ ಉಳಿದಿರುವುದಿಲ್ಲ. ಮನಸ್ಸಿನ ತಡೆಯನ್ನು ನಾವು ಕುತರ್ಕದಿಂದ ದಾಟುವ ಬಗೆಯೂ ಇದೇ. ಹಾಗೆಂದು ತಡೆಯೆಲ್ಲವನ್ನೂ ಪವಿತ್ರವೆಂದು ಭಾವಿಸಲಾಗದು. ಸ್ವಿಚ್ಚೇ ಕೆಟ್ಟಿರಬಹುದು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಕೈಯ ನೀರನ್ನು ಕುಡಿಯಲೊಲ್ಲದೆ ಹಿಂಜರಿದ ಮನಸ್ಸು ಕೂಡ ಆ ಹಿಂಜರಿಕೆಯನ್ನು ಧರ್ಮದ ದನಿಯೆಂದೇ ನಂಬಿತ್ತಷ್ಟೆ.

ಬಲ್ಲ ಮೆಕ್ಯಾನಿಕನು ತಂತಿಗೆ ಕೈ ಹಾಕುವ ಮುನ್ನ ಗೇಜು ಜೋಡಿಸಿ ಒಳಗಿನ ಒತ್ತಡವನ್ನು ಅಳೆದು, ದೋಷ ಗ್ಯಾಸಿನದೋ ಸ್ವಿಚ್ಚಿನದೋ ಎಂಬುದನ್ನು ನಿರ್ಣಯಿಸುತ್ತಾನೆ. ಈ ತಡೆಯಿಂದ ಉಳಿಯುವುದೇನು, ನೋಯುವವರು ಯಾರು ಎಂದು ಅಂತಸ್ಸಾಕ್ಷಿಯನ್ನೂ ಹಾಗೆಯೇ ಪರೀಕ್ಷಿಸಬೇಕಾಗುತ್ತದೆ. ನೀರನ್ನೊಲ್ಲದ ಆ ಹಿಂಜರಿಕೆಯು ಏನನ್ನೂ ಕಾಯಲಿಲ್ಲ, ತಲೆಮಾರುಗಳ ಕಾಲ ಎದುರಿಗಿದ್ದವರನ್ನು ನೋಯಿಸಿತು.