ಕುಂಚಕ್ಕೆ ವೈದ್ಯರ ಚೀಟಿ ಬೇಕೇ?

ಅಮೆರಿಕದ ಫೌಂಡೇಶನ್ ಫಾರ್ ಹಾಸ್ಪಿಟಲ್ ಆರ್ಟ್ ಎಂಬ ಸಂಸ್ಥೆ 1984ರಿಂದ ಒಂದು ಸರಳವಾದ ಕೆಲಸ ಮಾಡಿಕೊಂಡು ಬಂದಿದೆ. ದೊಡ್ಡ ಕ್ಯಾನ್ವಾಸಿನ ಮೇಲೆ ಹೂವು, ಮೀನು, ಮರಗಳ ಗೆರೆ ಎಳೆದು, ಯಾವ ಭಾಗಕ್ಕೆ ಯಾವ ಬಣ್ಣ ಎಂದು ಚುಕ್ಕೆ ಇಟ್ಟು ಆಸ್ಪತ್ರೆಗೆ ಒಯ್ಯುತ್ತಾರೆ. ರೋಗಿಗಳು, ಅವರ ಮನೆಯವರು, ನರ್ಸುಗಳು, ಹೊರಗಿನಿಂದ ಬಂದ ಸ್ವಯಂಸೇವಕರು ಒಟ್ಟಿಗೆ ಕೂತು ಬಣ್ಣ ತುಂಬುತ್ತಾರೆ. ಮುಗಿದ ಚಿತ್ರ ಯಾವುದಾದರೂ ಆಸ್ಪತ್ರೆಯ ಗೋಡೆ ಸೇರುತ್ತದೆ. ಕ್ಯಾನ್ಸರ್ ವಾರ್ಡುಗಳಲ್ಲಿ ಕಲಾವಿದರು ರೋಗಿಗಳ ಪಕ್ಕ ಕೂತು ಚಿತ್ರ ಬರೆಯುವ ರೂಢಿ ಬೇರೆ ಬೇರೆ ರೂಪಗಳಲ್ಲಿ ಹಲವು ದೇಶಗಳಲ್ಲಿದೆ. ಯಾತಕ್ಕೆ ಎಂದು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ: ಕಲೆ ಗುಣಪಡಿಸುತ್ತದೆ. ಕೇಳಲು ಹಿತವಾದ ಮಾತು. ದೇಣಿಗೆ ಕೇಳುವಾಗಲಂತೂ ಬಹಳ ಉಪಯೋಗಕ್ಕೆ ಬರುವ ಮಾತು. ಆದರೆ ಇದು ದುರ್ಬಲವಾದ ಸಮರ್ಥನೆ, ರೋಗಿಗೆ ಅಪಾಯ ತರುವಂಥದ್ದೂ ಹೌದು ಎಂಬುದು ನನ್ನ ವಾದ. ವಾರ್ಡಿನಲ್ಲಿ ಕುಂಚ ಹಿಡಿಯಲು ಇದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ಅದನ್ನು ಒಪ್ಪಿಕೊಂಡರೆ ಸ್ವಯಂಸೇವಕರು ನಡೆದುಕೊಳ್ಳುವ ರೀತಿಯೂ ಬದಲಾಗಬೇಕಾಗುತ್ತದೆ.

ಈ ರೂಢಿಯ ಮೂಲ ಕ್ಯಾನ್ಸರಿನಲ್ಲಿಲ್ಲ, ಕ್ಷಯದಲ್ಲಿದೆ. ಬ್ರಿಟಿಷ್ ಚಿತ್ರಕಾರ ಏಡ್ರಿಯನ್ ಹಿಲ್ 1938ರಲ್ಲಿ ಕ್ಷಯ ತಗುಲಿ ಸಸೆಕ್ಸ್‌ನ ಮಿಡ್‌ಹರ್ಸ್ಟ್ ಸ್ಯಾನಟೋರಿಯಂ ಸೇರಿದ. ಹಾಸಿಗೆಯಲ್ಲೇ ಕೂತು, ಕೈಗೆಟುಕಿದ ವಸ್ತುಗಳನ್ನು ನೋಡಿ ಚಿತ್ರ ಬರೆಯತೊಡಗಿದ. ಚೇತರಿಸಿಕೊಂಡ ಮೇಲೆ ಉಳಿದ ರೋಗಿಗಳಿಗೂ ಕಲಿಸಿದ. 'ಆರ್ಟ್ ಥೆರಪಿ' ಎಂಬ ಹೆಸರು 1942ರಲ್ಲಿ ಅವನಿಂದಲೇ ಬಂತು. 1945ರಲ್ಲಿ ಅವನ ಪುಸ್ತಕವೂ ಬಂತು. ಆ ಹೊತ್ತಿಗೆ ಇನ್ನೊಂದು ಸಂಗತಿ ನಡೆದಿತ್ತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು; ಅದರ ಹಿಂದೆ ಬಂದ ಔಷಧಗಳ ಜೊತೆ ಸೇರಿ ಅದು ಕೆಲವೇ ವರ್ಷಗಳಲ್ಲಿ ಸ್ಯಾನಟೋರಿಯಂಗಳನ್ನು ಖಾಲಿ ಮಾಡಿಸಿತು. ಕ್ಷಯವನ್ನು ಸೋಲಿಸಿದ್ದು ಔಷಧ. ಜಲವರ್ಣಕ್ಕೆ ಅದರಲ್ಲಿ ಪಾಲಿಲ್ಲ. ಗುಣವಾಗುವುದಷ್ಟೇ ಲೆಕ್ಕವಾಗಿದ್ದರೆ ಹಿಲ್ ಹಚ್ಚಿದ ದೀಪ ಅಲ್ಲಿಗೇ ಆರಬೇಕಿತ್ತು. ಆರಲಿಲ್ಲ. ರೋಗ ಬದಲಾಯಿತು, ಮಾತ್ರೆ ಬದಲಾಯಿತು, ಹಾಸಿಗೆಯಲ್ಲಿ ಮಲಗಿದವರು ಬಣ್ಣ ಕೇಳುವುದು ನಿಲ್ಲಲಿಲ್ಲ. ಅವರು ಬಯಸಿದ್ದು ಬೇರೇನನ್ನೋ ಎಂದಾಯಿತು.

ಈಗಿನ ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನೂ ನೇರವಾಗಿ ನೋಡೋಣ. ಶಿಕಾಗೋದ ನಾರ್ತ್‌ವೆಸ್ಟರ್ನ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಒಳರೋಗಿಗಳಾಗಿದ್ದ 50 ಕ್ಯಾನ್ಸರ್ ಪೀಡಿತರ ಜೊತೆ ಒಂದೊಂದು ಗಂಟೆ ಚಿತ್ರಕಲೆಯಲ್ಲಿ ಕಳೆದು, ಮೊದಲು ಮತ್ತು ಆಮೇಲೆ ಅವರಿಗಿದ್ದ ತೊಂದರೆಗಳನ್ನು ಅಳೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನೋವು, ಸುಸ್ತು, ಆತಂಕ ಮುಂತಾದ ಒಂಬತ್ತು ಲಕ್ಷಣಗಳಲ್ಲಿ ಎಂಟು ತಗ್ಗಿದ್ದವು. ವಾಕರಿಕೆ ಮಾತ್ರ ಜಗ್ಗಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ ಹೋಲಿಸಿ ನೋಡಲು ಚಿತ್ರ ಬರೆಯದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ತಗ್ಗಿದ್ದು ಬಣ್ಣದಿಂದಲೋ, ಅವಸರವಿಲ್ಲದೆ ಒಬ್ಬರು ಒಂದು ಗಂಟೆ ಪಕ್ಕದಲ್ಲಿ ಕೂತದ್ದರಿಂದಲೋ ತಿಳಿಯುವುದಿಲ್ಲ. ಗಡ್ಡೆ ಕರಗಿತು, ಆಯುಷ್ಯ ಹೆಚ್ಚಿತು ಎಂದು ಆ ಅಧ್ಯಯನ ಹೇಳಿಯೂ ಇಲ್ಲ. ಹಾಗೆ ಹೇಳುವವರು ಅದರ ನೆರಳಲ್ಲಿ ನಿಂತ ಬೇರೆಯವರು.

ಆಯುಷ್ಯದ ಮಾತು ಎತ್ತಿದವರಿಗೆ ಏನಾಯಿತು ಎಂಬುದಕ್ಕೆ ಇನ್ನೊಂದು ಕಥೆಯಿದೆ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು, ಹರಡಿದ ಸ್ತನ ಕ್ಯಾನ್ಸರಿದ್ದ 86 ಮಹಿಳೆಯರ ಅಧ್ಯಯನವನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಮನಸ್ಸು ತೆರೆದವರು ಸರಾಸರಿ ಸುಮಾರು 37 ತಿಂಗಳು, ಉಳಿದವರು 19 ತಿಂಗಳು ಬದುಕಿದ್ದರು. ಅದು ಮಾತಿನ ಗುಂಪು, ಚಿತ್ರದ್ದಲ್ಲ. ಆದರೂ ಮನಸ್ಸಿನ ದಾರಿಯಲ್ಲಿ ಕ್ಯಾನ್ಸರನ್ನು ಹಿಂದೆ ತಳ್ಳಬಹುದೆಂಬ ನಂಬಿಕೆಗೆ ದೊಡ್ಡ ಬಲ ಬಂತು. 2001ರಲ್ಲಿ ಕೆನಡಾದ ಸಂಶೋಧಕರು 235 ಮಹಿಳೆಯರೊಂದಿಗೆ ಅದನ್ನೇ ಮತ್ತೆ ಪರೀಕ್ಷಿಸಿದರು. ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನಸ್ಸಿನ ಬೇಗೆ ಮತ್ತು ನೋವಿನ ಅನುಭವ ಮಾತ್ರ, ಅದರಲ್ಲೂ ಮೊದಲು ಹೆಚ್ಚು ನರಳುತ್ತಿದ್ದವರಲ್ಲಿ, ಕಡಿಮೆಯಾಗಿತ್ತು. ನಡುವಿನ ಹನ್ನೆರಡು ವರ್ಷಗಳನ್ನು ನೆನೆಸಿಕೊಳ್ಳಿ. ಮನಸ್ಸು ಗಟ್ಟಿಯಿದ್ದವರು ಹೆಚ್ಚು ದಿನ ಬದುಕುತ್ತಾರೆ ಎಂದು ನಂಬಿದ ಮೇಲೆ, ಬೇಗ ತೀರಿಕೊಂಡವರ ಮನಸ್ಸು ಸಾಲದಾಯಿತು ಎಂಬ ತೀರ್ಮಾನ ಬಾಗಿಲಲ್ಲೇ ಕಾದಿರುತ್ತದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳಬೇಕಿಲ್ಲ. ರೋಗಿ ತಾನೇ ಹೇಳಿಕೊಳ್ಳುತ್ತಾನೆ. ಕ್ಯಾನ್ಸರನ್ನು ಸ್ವಭಾವದ ದೋಷವೆಂಬಂತೆ ಕಾಣುವುದರ ಕ್ರೌರ್ಯವನ್ನು ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1978ರಷ್ಟು ಹಿಂದೆಯೇ ಬಿಡಿಸಿಟ್ಟಿದ್ದರು. 'ಬಣ್ಣ ಗುಣಪಡಿಸುತ್ತದೆ' ಎನ್ನುವ ಸ್ವಯಂಸೇವಕ ಅರಿಯದೆಯೇ ಆ ಹೊರೆಯನ್ನು ಮತ್ತೆ ರೋಗಿಯ ಹೆಗಲಿಗೆ ಏರಿಸುತ್ತಾನೆ.

ಹಾಗಾದರೆ ಗಟ್ಟಿ ಕಾರಣ ಯಾವುದು? ಅಮೆರಿಕದ ವೈದ್ಯ ಎರಿಕ್ ಕ್ಯಾಸೆಲ್ 1982ರ ಒಂದು ಪ್ರಬಂಧದಲ್ಲಿ ನೋವನ್ನೂ ಸಂಕಟವನ್ನೂ ಬೇರ್ಪಡಿಸಿದ. ನೋವು ದೇಹಕ್ಕೆ, ಸಂಕಟ ಆ ದೇಹವನ್ನು ಹೊತ್ತ ಮನುಷ್ಯನಿಗೆ, ತಾನು ಇಡಿಯಾಗಿ ಉಳಿಯುತ್ತೇನೋ ಇಲ್ಲವೋ ಎಂಬ ಭಯ ಬಂದಾಗ. ಈ ದೃಷ್ಟಿಯಿಂದ ಕ್ಯಾನ್ಸರ್ ಆಸ್ಪತ್ರೆಯ ಒಂದು ದಿನವನ್ನು ನೋಡಿ. ಕೈ ಚಾಚಿ, ಉಸಿರು ಹಿಡಿಯಿರಿ, ಅಲುಗಾಡಬೇಡಿ, ಹೊರಗೆ ಕಾಯಿರಿ. ರೇಡಿಯೇಶನ್ ಕೆಲವೇ ನಿಮಿಷದ್ದು. ಆದರೆ ಹಲವರು ವಾರಕ್ಕೆ ಐದು ದಿನದಂತೆ ಐದಾರು ವಾರ ಅದಕ್ಕಾಗಿ ಬರಬೇಕು. ದೂರದ ಜಿಲ್ಲೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದವರಿಗೆ ಆ ನಿಮಿಷಗಳ ಸುತ್ತ ಇಡೀ ದಿನ ಬರಿದಾಗಿ ಬಿದ್ದಿರುತ್ತದೆ. ಹೊಲ ಉತ್ತವರು, ಅಂಗಡಿ ನಡೆಸಿದವರು, ಹತ್ತು ಜನಕ್ಕೆ ಅಡುಗೆ ಬೇಯಿಸಿದವರು ಅಲ್ಲಿ ಏನನ್ನೂ ಮಾಡುವಂತಿಲ್ಲ. ಅವರಿಗೆ ಎಲ್ಲವನ್ನೂ ಮಾಡಲಾಗುತ್ತದೆ. ಚಿಕಿತ್ಸೆಗೆ ಅದು ಬೇಕು, ತಪ್ಪೇನಿಲ್ಲ. ಆದರೆ ದಿನವಿಡೀ ಪಡೆಯುವವನಾಗಿಯೇ ಇರುವವನು ನಿಧಾನವಾಗಿ ತನ್ನನ್ನು ತಾನೇ ಗುರುತು ಹಿಡಿಯದಂತಾಗುತ್ತಾನೆ. ಒಟ್ಟಿಗೆ ಚಿತ್ರ ಬರೆಯುವುದು ಅವನಿಗೆ ಮಾಡುವವನ ಸ್ಥಾನವನ್ನು ಒಂದು ಗಂಟೆಯ ಮಟ್ಟಿಗಾದರೂ ಹಿಂದಿರುಗಿಸುತ್ತದೆ. ರೋಗ ಗುಣವಾಗಲಿ ಆಗದಿರಲಿ, ಈ ಕಾರಣ ನಿಲ್ಲುತ್ತದೆ. ನಾಳೆ ಹೊಸದೊಂದು ಅಧ್ಯಯನ ಬಂದು 'ಚಿತ್ರದಿಂದ ನೋವೇನೂ ತಗ್ಗಲಿಲ್ಲ' ಎಂದರೂ ನಿಲ್ಲುತ್ತದೆ.

ಇದು ಎಷ್ಟು ಸಣ್ಣ ಸಣ್ಣ ಸಂಗತಿಗಳ ಮೇಲೆ ನಿಂತಿದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ವಿಂಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಗಳು ಬೆರಳ ತುದಿಯ ನರಗಳನ್ನು ಕೆಡಿಸಬಲ್ಲವು. ಅಂಗಿಯ ಗುಂಡಿ ಹಾಕುವುದೇ ಕಷ್ಟವಾದ ಕೈಗೆ ತೆಳ್ಳನೆಯ ಕುಂಚ ನಿಲ್ಲುವುದಿಲ್ಲ. ಅದರ ಹಿಡಿಗೆ ಸ್ಪಂಜೋ ಬಟ್ಟೆಯೋ ಸುತ್ತಿ ದಪ್ಪ ಮಾಡಬೇಕು. ಡ್ರಿಪ್ಪಿನ ಸೂಜಿ ಯಾವ ಕೈಯಲ್ಲಿದೆ ನೋಡಿ ಹಲಗೆಯನ್ನು ಆಚೆಗೆ ಓರೆ ಮಾಡಬೇಕು. ಟರ್ಪೆಂಟೈನಿನ ವಾಸನೆಗೆ ಹೊಟ್ಟೆ ತೊಳಸುವುದರಿಂದ ಎಣ್ಣೆಬಣ್ಣ ಬೇಡ, ನೀರಿನಲ್ಲಿ ಕಲಸುವ ಬಣ್ಣವೇ ಸರಿ. ಬಿಳಿ ರಕ್ತಕಣ ಇಳಿದವರಿಗೆ ಹತ್ತು ಜನ ಅದ್ದಿದ ನೀರಿನ ಡಬ್ಬಿ ಕೊಡಬಾರದು, ಅವರವರ ಲೋಟ, ಅವರವರ ಕುಂಚ. ಇಷ್ಟಾದ ಮೇಲೆ ಅದೇ ಬೆರಳು, ಬೆಳಿಗ್ಗೆ ರಕ್ತ ತೆಗೆಯಲು ಚುಚ್ಚಿಸಿಕೊಂಡ ಬೆರಳು, ನೀಲಿಯನ್ನು ಗೆರೆಯಿಂದಾಚೆ ಹರಿಯದಂತೆ ತಡೆಯುತ್ತದೆ, ಅಥವಾ ಹರಿಯಲಿ ಎಂದು ಬಿಡುತ್ತದೆ. ಬಣ್ಣ ಕೈಯ ಮಾತು ಕೇಳುತ್ತದೆ, ಒಮ್ಮೊಮ್ಮೆ ಕೇಳುವುದಿಲ್ಲ. ಎರಡರಲ್ಲೂ ಆ ಕೈ ಏನನ್ನೋ ಮಾಡಿದೆ.

ಹಾಗಿದ್ದರೆ ಬಣ್ಣದ ಡಬ್ಬಿಯೊಂದನ್ನು ಹಂಚಿ ಹೋದರೆ ಸಾಲದೇ, ಕಲಾವಿದ ಜೊತೆಗೆ ಕೂರಬೇಕೇಕೆ? ಡಬ್ಬಿಯೂ ಇನ್ನೊಂದು ಪಡೆದ ವಸ್ತುವಾಗುತ್ತದೆ, ಅದು ಒಂದು. ಇನ್ನೊಂದು ಕಾರಣ ನಮ್ಮ ಆಸ್ಪತ್ರೆಗಳಿಗೆ ಹೆಚ್ಚು ಹೊಂದುತ್ತದೆ. ಭಾರತದಲ್ಲಿ ಕ್ಯಾನ್ಸರ್ ಎಂಬುದನ್ನು ರೋಗಿಗೆ ಹೇಳದೆ ಮನೆಯವರು ಮುಚ್ಚಿಡುವುದು ಸಾಮಾನ್ಯ. ರೋಗಿಗೆ ಗೊತ್ತಿರುತ್ತದೆ, ಗೊತ್ತಿಲ್ಲದಂತೆ ಇರುತ್ತಾನೆ. ಹಾಸಿಗೆಯ ಸುತ್ತ ನಡೆಯುವ ಮಾತೆಲ್ಲ ಎರಡೂ ಕಡೆಯಿಂದ ತೂಗಿ ಆಡಿದ್ದು. ಪಕ್ಕಪಕ್ಕ ಕೂತು ಇಬ್ಬರೂ ಒಂದೇ ಕ್ಯಾನ್ವಾಸನ್ನು ನೋಡುತ್ತಿರುವಾಗ ಆಡುವ ಮಾತಿಗೆ ಆ ಕಾವಲು ಬೇಕಿಲ್ಲ. 'ಈ ಹಸಿರು ಜಾಸ್ತಿಯಾಯ್ತು' ಎಂದರೆ ಹಸಿರು ಜಾಸ್ತಿಯಾಗಿದೆ, ಅಷ್ಟೇ. ಸುಳ್ಳು ಹೇಳಬೇಕಿಲ್ಲದ ವಿಷಯವೊಂದು ಇಬ್ಬರ ನಡುವೆ ಇರುವುದು ಆ ವಾರ್ಡಿನಲ್ಲಿ ಸಣ್ಣ ಸಂಗತಿಯಲ್ಲ. ಹಾಗೆಂದೇ ಸ್ವಯಂಸೇವಕನೂ ಸುಳ್ಳು ಹೊಗಳಿಕೆ ಬಿಡಬೇಕು. ಬರೆದದ್ದಕ್ಕೆಲ್ಲ 'ಅದ್ಭುತ' ಎನ್ನುವವನು ರೋಗಿಯನ್ನು ಮತ್ತೆ ರೋಗಿಯ ಜಾಗದಲ್ಲೇ ಕೂರಿಸುತ್ತಾನೆ.

ಚುಕ್ಕೆ ನೋಡಿ ಬಣ್ಣ ತುಂಬುವುದು ಕಲೆಯಲ್ಲ, ಮಕ್ಕಳ ಪುಸ್ತಕದ ಆಟ ಎಂದು ಕೆಲವರು ಮೂಗು ಮುರಿಯುತ್ತಾರೆ. ಅರ್ಧ ನಿಜ. ಮೂಗು ಮುರಿಯುವ ಮುನ್ನ ಫ್ರೆಂಚ್ ಚಿತ್ರಕಾರ ಆನ್ರಿ ಮಾತಿಸ್ ನೆನಪಾಗಬೇಕು. 1941ರಲ್ಲಿ ಕರುಳಿನ ಕ್ಯಾನ್ಸರಿಗೆ ಲಿಯೋಂನಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಅವನ ಬದುಕು ಹೆಚ್ಚಾಗಿ ಹಾಸಿಗೆ ಮತ್ತು ಗಾಲಿಕುರ್ಚಿಯಲ್ಲಿ. ಸಹಾಯಕರು ಕಾಗದಕ್ಕೆ ಗ್ವಾಶ್ ಬಣ್ಣ ಬಳಿದುಕೊಡುತ್ತಿದ್ದರು. ಅವನು ಕತ್ತರಿಯಲ್ಲಿ ಆಕಾರ ಕತ್ತರಿಸುತ್ತಿದ್ದ. ಅವನು ತೋರಿಸಿದ ಕಡೆ ಅವರು ಗೋಡೆಗೆ ಪಿನ್ನು ಚುಚ್ಚುತ್ತಿದ್ದರು. 1947ರ 'ಜಾಝ್' ಚಿತ್ರಮಾಲೆ ಆಗ ಹುಟ್ಟಿದ್ದು. ಬಣ್ಣ ಬಳಿದದ್ದು ಬೇರೆ ಕೈ ಎಂದು ಯಾರೂ ಅದನ್ನು ಕಡಿಮೆ ಮಾಡಿಲ್ಲ. ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರವನ್ನೂ ನೋಡಬಹುದು: ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ತಲೆಮಾರುಗಳಿಂದ ಬಂದ ವಿನ್ಯಾಸ. ಕೈಗಳು ಹಲವು, ವಿನ್ಯಾಸ ಯಾರೊಬ್ಬರದೂ ಅಲ್ಲ. ಹೊಸತನ್ನು ಒಬ್ಬಳೇ ಕಂಡುಹಿಡಿದರೆ ಮಾತ್ರ ಕಲೆ ಎಂಬ ಅಳತೆಯನ್ನು ಆ ಗೋಡೆಗೆ ಹಿಡಿದವರಿಲ್ಲ. ನಿಜವಾದ ಅರ್ಧ ಯಾವುದೆಂದರೆ, ಮಾತಿಸ್‌ನ ಕೋಣೆಯಲ್ಲಿ ನಿರ್ಧಾರ ರೋಗಿಯದಾಗಿತ್ತು. ಚುಕ್ಕೆಯ ಕ್ಯಾನ್ವಾಸಿನಲ್ಲಿ ನಿರ್ಧಾರ ಮೊದಲೇ ಮುಗಿದಿರುತ್ತದೆ. ತೀರಾ ಬಳಲಿದವರಿಗೆ ಚುಕ್ಕೆ ವರವೇ. ಆದರೆ ಕೆಂಪು ಚುಕ್ಕೆಯ ಮೇಲೆ ಕಪ್ಪು ಬಳಿದವರನ್ನು ತಡೆಯದ ಕಾರ್ಯಕ್ರಮ ಮಾತ್ರ ನಾನು ಹೇಳುವ ಅರ್ಥದಲ್ಲಿ ಒಟ್ಟಿಗೆ ಬರೆಯುವುದು.

ಕಪ್ಪು ಬಂದಾಗ ಇನ್ನೊಂದು ಆಕ್ಷೇಪ ಏಳುತ್ತದೆ: ತರಬೇತಿಯಿಲ್ಲದ ಸ್ವಯಂಸೇವಕ ಅದನ್ನು ಹೇಗೆ ನಿಭಾಯಿಸಬಲ್ಲ? ನಿಭಾಯಿಸಬಾರದು. ಚಿತ್ರದಿಂದ ಮನಸ್ಸನ್ನು ಓದುವುದು ತರಬೇತಿ ಪಡೆದ ಆರ್ಟ್ ಥೆರಪಿಸ್ಟನ ಕೆಲಸ, ಅದೂ ಎಚ್ಚರದಿಂದ ಮಾಡಬೇಕಾದದ್ದು. ಕಪ್ಪು ಸೂರ್ಯನನ್ನು ನೋಡಿ 'ಬೇಜಾರಾಗಿದೆಯೇ' ಎಂದು ಕೇಳುವ ಅಧಿಕಾರ ಕಲಾವಿದನಿಗಿಲ್ಲ. ಕಪ್ಪಿನ ಪಕ್ಕ ಯಾವ ಬಣ್ಣ ಕೂರುತ್ತದೆ ಎಂದು ಹೇಳುವ ಅಧಿಕಾರವಿದೆ. ರೋಗಿ ಅತ್ತರೆ ನರ್ಸಿಗೆ ತಿಳಿಸುವ ದಾರಿ ಮೊದಲೇ ಗೊತ್ತಿರಬೇಕು. ಇಷ್ಟು ಗಡಿ ಹಾಕಿಕೊಂಡರೆ ತರಬೇತಿಯ ಕೊರತೆ ದೋಷವಾಗುವುದಿಲ್ಲ. ಎಲ್ಲರೂ ತನ್ನನ್ನು ಪರೀಕ್ಷಿಸುವ ಕಟ್ಟಡದಲ್ಲಿ ಪರೀಕ್ಷಿಸದ ಒಬ್ಬನಿರುವುದು ಲಾಭವೇ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಹಣದ್ದು ಮತ್ತು ನೋವಿನದು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ನಮ್ಮಲ್ಲಿ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ದುರ್ಲಭವಾಯಿತು; 2014ರ ತಿದ್ದುಪಡಿಯಿಂದ ದಾರಿ ಸಲೀಸಾದರೂ ಅದು ಎಲ್ಲ ಊರಿಗೂ ತಲುಪಿಲ್ಲ. ಅಂಥಲ್ಲಿ ಕುಂಚದ ಮಾತು ವಿಲಾಸವಲ್ಲವೇ? ನೋವಿನಿಂದ ಮುದುಡಿದವರ ಮುಂದೆ ಬಣ್ಣ ಇಡುವುದು ಅಣಕವೇ ಸರಿ. ಮಾರ್ಫಿನ್ ಮೊದಲು, ಕುಂಚ ಆಮೇಲೆ. ಇದರಲ್ಲಿ ಚರ್ಚೆಯಿಲ್ಲ. ಆದರೆ ಕಲಾವಿದನೊಬ್ಬ ಬಿಟ್ಟಿಯಾಗಿ ಕೊಡುವ ಸಮಯವನ್ನು ಮಾರ್ಫಿನ್ನಾಗಿ ಬದಲಿಸುವ ಖಜಾನೆ ಎಲ್ಲೂ ಇಲ್ಲ. ಅವನು ಬರದಿದ್ದರೆ ಉಳಿಯುವುದು ಬರಿದಾದ ಮಧ್ಯಾಹ್ನವೇ ಹೊರತು ಇನ್ನೊಂದು ಹಾಸಿಗೆಯಲ್ಲ. ಆಸ್ಪತ್ರೆ ಕೊಡಬೇಕಾದದ್ದು ತೊಳೆಯಬಹುದಾದ ಒಂದು ಮೇಜು, ನಲ್ಲಿ, ವಾರದಲ್ಲಿ ತಪ್ಪದ ಒಂದು ದಿನ. ಈ ಕೊನೆಯದರಲ್ಲೇ ಎಡವುವವರು ಹೆಚ್ಚು. ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನದಂದು ಬ್ಯಾನರ್ ಸಮೇತ ಬಂದು, ಬೋಳುತಲೆಯ ಮಗುವಿನ ಜೊತೆ ಫೋಟೊ ತೆಗೆಸಿಕೊಂಡು ಹೋಗುವವರಿಗೆ ಮೇಲಿನ ಯಾವ ವಾದವೂ ರಕ್ಷಣೆ ಕೊಡುವುದಿಲ್ಲ. ಅಲ್ಲಿ ಮಾಡುವವರು ಅತಿಥಿಗಳು, ರೋಗಿ ಮತ್ತೆ ಹಿನ್ನೆಲೆ.

ಬೇಡ ಎನ್ನುವ ಹಕ್ಕಿನಿಂದ ಇದನ್ನೆಲ್ಲ ಅಳೆಯಬಹುದು. ಸೂಜಿ ಬೇಡ, ಸ್ಕ್ಯಾನ್ ಬೇಡ ಎಂದರೆ ಬೆಲೆ ತೆರಬೇಕಾಗುತ್ತದೆ. ಇವತ್ತು ಚಿತ್ರ ಬೇಡ ಎಂದರೆ ಏನೂ ಆಗಬಾರದು, ಮುಖ ಸಣ್ಣದಾಗಬಾರದು, 'ಸ್ವಲ್ಪ ಉತ್ಸಾಹ ತಂದುಕೊಳ್ಳಿ' ಎಂಬ ಬೋಧನೆ ಬರಬಾರದು, ಮುಂದಿನ ವಾರ ಮೇಜಿನ ಬಳಿ ಜಾಗ ಹಾಗೇ ಇರಬೇಕು. ಬರೆದ ಚಿತ್ರದ ವಿಷಯದಲ್ಲೂ ಹೀಗೆಯೇ. ಗೋಡೆಗೆ ಹಾಕಲು, ವಾರ್ಷಿಕ ವರದಿಯಲ್ಲಿ ಅಚ್ಚು ಮಾಡಲು, ಹರಾಜಿಗಿಡಲು ಕೇಳಲೇಬೇಕು; ಮನೆಗೆ ಒಯ್ಯುತ್ತೇನೆ ಎಂದರೆ ಮರುಮಾತಿಲ್ಲದೆ ಸುತ್ತಿ ಕೊಡಬೇಕು, ಹರಿದು ಹಾಕುತ್ತೇನೆ ಎಂದರೂ ಅದು ಮಾಡಿದವರಿಗೇ ಬಿಟ್ಟದ್ದು.