ಸಾಸಿವೆಗಿಂತ ಸಣ್ಣ ಅಕ್ಷರ

ಮಾದರಿ ರೈಲು ಕಟ್ಟುವವರ ಮೇಜಿನ ಮೇಲೆ, ಬಣ್ಣ ಒಣಗಿ ಅಕ್ಷರ ಬೀಳುವ ಮುನ್ನ, ಹೆಸರಿಲ್ಲದ ಗೂಡ್ಸ್ ವ್ಯಾಗನ್ ಒಂದು ಕೂತಿರುತ್ತದೆ. ಕೆಂಗಂದು ಮೈ, ಸಾಲು ರಿವೆಟ್ಟು, ಜಾರುವ ಬಾಗಿಲು, ತುದಿಯಲ್ಲಿ ಏಣಿ, ಎಲ್ಲವೂ ಇವೆ. ಆದರೂ ಅದು ಯಾವ ಊರಿನದೂ ಅಲ್ಲ, ಯಾವ ಕಾಲದ್ದೂ ಅಲ್ಲ. ಅದರ ಪಕ್ಕೆಯ ಮೇಲೆ ನಾಲ್ಕು ಅಕ್ಷರ, ಐದಾರು ಅಂಕಿ ಬಂದು ಕೂತವೋ, ಆ ಪ್ಲಾಸ್ಟಿಕ್ ಪೆಟ್ಟಿಗೆಗೆ ಒಡೆಯರು ಸಿಗುತ್ತಾರೆ, ಹುಟ್ಟಿದ ತಿಂಗಳು ಸಿಗುತ್ತದೆ, ತೂಕ ಸಿಗುತ್ತದೆ, ಮರಳಿ ಹೋಗಬೇಕಾದ ಮನೆಯೂ ಸಿಗುತ್ತದೆ. ಎಷ್ಟು ಸಲ ಕಂಡರೂ ಈ ಮಾರ್ಪಾಟು ನನಗೆ ಹಳತಾಗಿಲ್ಲ.

ಅಮೆರಿಕದ ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಎಚ್‌ಓ ಎನ್ನುತ್ತಾರೆ. ನಿಜದ 87 ಅಡಿ ಅಲ್ಲಿ ಒಂದು ಅಡಿ. 40 ಅಡಿಯ ಬಾಕ್ಸ್‌ಕಾರ್, ಅಂದರೆ ಮುಚ್ಚಿದ ಗೂಡ್ಸ್ ವ್ಯಾಗನ್, ಈ ಲೆಕ್ಕದಲ್ಲಿ 14 ಸೆಂಟಿಮೀಟರ್ ಆಗುತ್ತದೆ. 9 ಇಂಚಿನ ಅಕ್ಷರ 2.6 ಮಿಲಿಮೀಟರಿಗೆ ಇಳಿಯುತ್ತದೆ. ತೂಕ, ತಾರೀಕುಗಳನ್ನು ಬರೆಯುವ 2 ಇಂಚಿನ ಅಕ್ಷರಗಳು 0.6 ಮಿಲಿಮೀಟರಿಗೂ ಕಡಿಮೆ. ಒಂದು ಸಾಸಿವೆ ಕಾಳಿನಗಲದಲ್ಲಿ ಇಂಥ ಎರಡು ಅಕ್ಷರ ಕೂರುತ್ತವೆ. ಕೈಯಲ್ಲಿ ಬ್ರಷ್ ಹಿಡಿದು ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಬರೆಯುವುದು ಆಗದ ಮಾತು. ಅದಕ್ಕೇ ಡೆಕಾಲ್. ತಿಳಿನೀಲಿ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟು, ಅಂಟಿನ ಮೇಲೆ ಪಾರದರ್ಶಕವಾದ ತೆಳುಪೊರೆ, ಪೊರೆಯ ಮೇಲೆ ಮುದ್ರಿಸಿದ ಬಿಳಿ ಅಕ್ಷರ. ಕ್ಯಾಲಿಫೋರ್ನಿಯಾದ ಮೈಕ್ರೋಸ್ಕೇಲ್‌ನಂಥ ಸಂಸ್ಥೆಗಳು ಒಂದೊಂದು ರೈಲ್ವೆಗೆ, ಒಂದೊಂದು ಕಾಲಕ್ಕೆ ಹೊಂದುವ ಹಾಳೆಗಳನ್ನು ಬೇರೆಬೇರೆಯಾಗಿ ಮುದ್ರಿಸುತ್ತವೆ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲವಾದ್ದರಿಂದ, ಕಪ್ಪು ಎಂಜಿನ್ನಿಗೂ ಕೆಂಗಂದು ವ್ಯಾಗನ್ನಿಗೂ ಬೇಕಾದ ಬಿಳಿ ಅಕ್ಷರಕ್ಕೆ ಹವ್ಯಾಸಿಗಳು ಹೆಚ್ಚಾಗಿ ಈ ಹಾಳೆಗಳನ್ನೇ ನಂಬಿದ್ದಾರೆ.

ಹಾಳೆ ಆರಿಸಲು ಕೂತರೆ ಒಂದು ಲೋಕವೇ ತೆರೆದುಕೊಳ್ಳುತ್ತದೆ. ಅಮೆರಿಕದಲ್ಲಿ ಒಂದು ರೈಲ್ವೆಯ ವ್ಯಾಗನ್ ಇನ್ನೊಂದು ರೈಲ್ವೆಯ ಹಳಿಯ ಮೇಲೆ ಸಾವಿರಾರು ಮೈಲಿ ಅಲೆಯುತ್ತದೆ. ಅದು ಯಾರದ್ದೆಂದು ಸಾರುವುದು ಪಕ್ಕೆಯ ಮೇಲಿನ ಎರಡರಿಂದ ನಾಲ್ಕು ಅಕ್ಷರಗಳ ಗುರುತು. ಕೊನೆಯಲ್ಲಿ ‘ಎಕ್ಸ್’ ಇದ್ದರೆ ಅದರ ಒಡೆತನ ರೈಲ್ವೆಯದಲ್ಲ, ಖಾಸಗಿ ಕಂಪನಿಯದು. ಗುರುತಿನ ಜೊತೆಗಿರುವ ಸಂಖ್ಯೆಯನ್ನೂ ಮನಸ್ಸಿಗೆ ಬಂದಂತೆ ಬರೆಯಲಾಗದು. ಯಾವ ರೈಲ್ವೆಯಲ್ಲಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂಥ ವ್ಯಾಗನ್‌ಗಳಿದ್ದವು ಎಂಬುದು ರೈಲ್ವೆ ಸಲಕರಣೆಗಳ ಅಧಿಕೃತ ರಿಜಿಸ್ಟರಿನಲ್ಲಿ ಅಚ್ಚಾಗಿರುತ್ತದೆ.

ಹಳೆಯ ವ್ಯಾಗನ್ನಿನ ಪಕ್ಕೆಯಲ್ಲಿ ಗುರುತು, ಸಂಖ್ಯೆಗಳ ಕೆಳಗೆ ಮೂರು ಸಾಲು ಅಂಕಿಗಳು: ಸಾಮರ್ಥ್ಯ, ಹೊರಬಹುದಾದ ಗರಿಷ್ಠ ಸರಕು, ಖಾಲಿ ತೂಕ. ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಈ ಸಾಲುಗಳೇ. 1940ರ ದಶಕದ 50 ಟನ್ ವರ್ಗದ ವ್ಯಾಗನ್ ಸರಕು ಸೇರಿ 1,69,000 ಪೌಂಡ್ ತೂಗಬಹುದಿತ್ತು. ಗಾಲಿಯ ಅಚ್ಚುಗಳು ತಡೆಯುವ ಭಾರದ ಮಿತಿ ಅದು. ಹಾಗಾಗಿ ಖಾಲಿ ತೂಕ 45,600 ಎಂದಿದ್ದರೆ ಸರಕಿನ ಮಿತಿ 1,23,400 ಎಂದೇ ಇರಬೇಕು. ಎರಡನ್ನೂ ಕೂಡಿದರೆ ಮಿತಿಯ ಮೊತ್ತ ಬರಬೇಕು. ಭೂತಗನ್ನಡಿಯಿಲ್ಲದೆ ಓದಲಾಗದ ಎರಡು ಅಂಕಿಸಾಲುಗಳ ನಡುವೆ ಇಂಥದೊಂದು ಲೆಕ್ಕ ಅಡಗಿದೆ. ಬಲ್ಲವರು ಡೆಕಾಲ್ ಹಾಳೆಯಿಂದ ಒಂದೊಂದೇ ಅಂಕಿ ಕತ್ತರಿಸಿ ಆ ಲೆಕ್ಕ ತಪ್ಪದಂತೆ ಕೂರಿಸುತ್ತಾರೆ. ನಮ್ಮ ಭಾರತೀಯ ರೈಲ್ವೆಯ ವ್ಯಾಗನ್ನಿನ ಮೇಲಿರುವ 11 ಅಂಕಿಗಳಲ್ಲೂ ಇಂಥ ಎಚ್ಚರವಿದೆ. ವ್ಯಾಗನ್ ಯಾವ ಬಗೆಯದು, ಯಾವ ವಲಯದ್ದು, ಯಾವ ವರ್ಷದ್ದು ಎಂದು ಹೇಳಿ ಮುಗಿಸಿದ ಮೇಲೆ, ಉಳಿದ ಹತ್ತು ಸರಿಯಿವೆಯೇ ಎಂದು ನೋಡುವುದಕ್ಕೆಂದೇ ಕೊನೆಯ ಅಂಕಿ ಇದೆ.

ಖಾಲಿ ತೂಕವೂ ಒಂದೇ ಸಮ ನಿಲ್ಲುವುದಿಲ್ಲ. ಮರ ಸವೆಯುತ್ತದೆ, ರಿಪೇರಿಯಲ್ಲಿ ಭಾಗಗಳು ಬದಲಾಗುತ್ತವೆ. ಆದ್ದರಿಂದ ವ್ಯಾಗನ್‌ಗಳನ್ನು ಗೊತ್ತಾದ ಅವಧಿಗೊಮ್ಮೆ ಮತ್ತೆ ತೂಗುತ್ತಿದ್ದರು. ಹಳೆಯ ಅಂಕಿಯ ಮೇಲೆ ಬಣ್ಣ ಬಳಿದು, ಹೊಸ ತೂಕ, ತೂಗಿದ ಜಾಗದ ಸಂಕೇತ, ತಿಂಗಳು, ವರ್ಷ ಬರೆಯುತ್ತಿದ್ದರು. ಧೂಳು ಕುಡಿದು ಮಾಸಿದ ಪಕ್ಕೆಯ ಮೇಲೆ ಆ ಹೊಸ ಬಣ್ಣದ ಚೌಕ ಎದ್ದು ಕಾಣುತ್ತಿತ್ತು. ಮಾದರಿಗಾರರು ಆ ಚೌಕವನ್ನೂ ಮಾಡುತ್ತಾರೆ. ಮೊದಲು ಮೈ ಮಾಸಬೇಕು, ಆಮೇಲೆ ಚೌಕ ಬೀಳಬೇಕು, ಕೊನೆಗೆ ಅದರ ಮೇಲೆ ಅಂಕಿ. ಕಾಲ ನಡೆದ ಕ್ರಮದಲ್ಲೇ ಕೈಯೂ ನಡೆಯಬೇಕು.

ಯಾವ ವರ್ಷದ ರೈಲು ಎಂದು ನಿರ್ಧರಿಸುವುದೂ ಈ ಚಿಕ್ಕ ಗುರುತುಗಳೇ. 1967ರಲ್ಲಿ ಅಮೆರಿಕದ ರೈಲ್ವೆಗಳು 13 ಬಣ್ಣದ ಪಟ್ಟಿಗಳ ಲೇಬಲ್ಲೊಂದನ್ನು ಒಪ್ಪಿಕೊಂಡವು. ಹಳಿಯ ಪಕ್ಕದ ಯಂತ್ರ ಅದನ್ನು ಓದಿ ವ್ಯಾಗನ್ ಯಾವುದೆಂದು ತಿಳಿಯಬೇಕಿತ್ತು. ಕೊಳೆ ಮೆತ್ತಿದ ಪಟ್ಟಿಗಳನ್ನು ಯಂತ್ರ ಓದದಾಯಿತು; 1970ರ ದಶಕ ಮುಗಿಯುವುದರೊಳಗೆ ಇಡೀ ಏರ್ಪಾಡನ್ನೇ ಕೈಬಿಟ್ಟರು. 1978ರಲ್ಲಿ ಒಂದು ಬಗೆಯ ಗಾಲಿ ಅಪಾಯಕಾರಿ ಎಂದು ಗೊತ್ತಾದಾಗ ವ್ಯಾಗನ್‌ಗಳನ್ನೆಲ್ಲ ತಪಾಸಣೆ ಮಾಡಿ, ಆ ಗಾಲಿ ಇಲ್ಲದವಕ್ಕೆ ಕಪ್ಪು ಚೌಕದಲ್ಲಿ ಹಳದಿ ಚುಕ್ಕಿ ಇಟ್ಟರು, ಇದ್ದವಕ್ಕೆ ಬಿಳಿ ಚುಕ್ಕಿ. ಪುಟ್ಟ ವ್ಯಾಗನ್ನಿನ ಮೇಲೆ ಆ ಹಳದಿ ಚುಕ್ಕಿ ಇಟ್ಟರೆ 1978ಕ್ಕಿಂತ ಹಿಂದಿನ ಬಾಗಿಲು ಮುಚ್ಚಿದಂತೆಯೇ. ಒಂದು ದೇಶ ಹೆದರಿದ್ದು, ಹುಡುಕಿದ್ದು, ಸಮಾಧಾನಪಟ್ಟಿದ್ದು, ಎಲ್ಲಕ್ಕೂ ಒಂದು ಚುಕ್ಕಿ ಸಾಕಾಗಿದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1940ರ ದಶಕದ ಸಾಂತಾ ಫೇ ರೈಲ್ವೆಯ ಬಾಕ್ಸ್‌ಕಾರ್‌ಗಳು. ಅವುಗಳ ಒಂದು ಪಕ್ಕೆಯಲ್ಲಿ ಆ ರೈಲ್ವೆಯ ದಾರಿಗಳ ನಕ್ಷೆಯನ್ನೇ ಬಿಳಿಗೆರೆಗಳಲ್ಲಿ ಬಿಡಿಸಿದ್ದರು. ಇನ್ನೊಂದು ಪಕ್ಕೆಯಲ್ಲಿ ‘ಸೂಪರ್ ಚೀಫ್’, ‘ಎಲ್ ಕ್ಯಾಪಿಟನ್’, ‘ದಿ ಸ್ಕೌಟ್’ ಮೊದಲಾದ ಪ್ರಯಾಣಿಕ ರೈಲುಗಳ ಹೆಸರು ಹೊತ್ತ ಘೋಷಣೆ. ಹಿಟ್ಟಿನ ಮೂಟೆ ತುಂಬಿಕೊಂಡ ಡಬ್ಬಿ ತಾನು ಓಡುವ ದಾರಿಯ ಚಿತ್ರವನ್ನು ತನ್ನ ಮೈಮೇಲೆಯೇ ಹೊತ್ತು ತಿರುಗುತ್ತಿತ್ತು. ನಕ್ಷೆ ಎಂದರೆ ಆಗಲೇ ಕುಗ್ಗಿದ ನೆಲ. ಡೆಕಾಲಿನಲ್ಲಿ ಅದು ಇನ್ನೂ 87 ಪಾಲು ಕುಗ್ಗುತ್ತದೆ. ಷಿಕಾಗೋದಿಂದ ಕ್ಯಾಲಿಫೋರ್ನಿಯಾದವರೆಗಿನ ಹಳಿ ಕಿರುಬೆರಳಿನ ಉದ್ದದೊಳಗೆ ಮುಗಿಯುತ್ತದೆ.

ಇಷ್ಟೆಲ್ಲ ಆರಿಸಿ ಆದ ಮೇಲೆ ಅಂಟಿಸುವ ಕೆಲಸ. ಅದಕ್ಕೆ ಮೊದಲು ವ್ಯಾಗನ್ನಿಗೆ ಹೊಳಪಿನ ವಾರ್ನಿಷ್ ಬಳಿಯಬೇಕು. ಹೊಳಪಿಲ್ಲದ ಬಣ್ಣ ಕಣ್ಣಿಗೆ ನಯವಾಗಿ ಕಂಡರೂ ಒಳಗೆ ತರಿತರಿಯಾಗಿರುತ್ತದೆ. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಪೊರೆಯ ಅಡಿಯಲ್ಲಿ ಬೆಳ್ಳಿಯಂತೆ ಮಿನುಗುತ್ತದೆ. ಬೇಕಾದ ತುಂಡನ್ನು ಅಕ್ಷರದ ಅಂಚಿಗೆ ಹತ್ತಿರವಾಗಿ ಕತ್ತರಿಸಿ, ಚಿಮಟದಲ್ಲಿ ಹಿಡಿದು, ನೀರಿನಲ್ಲಿ ಅದ್ದಿ ತೆಗೆದು, ಕಾಯಬೇಕು. ಅಂಟು ಕರಗುವ ತನಕ ಅವಸರ ಸಲ್ಲದು. ಆಮೇಲೆ ಪೊರೆ ತಾನಾಗಿ ಕಾಗದ ಬಿಟ್ಟು ಜಾರುತ್ತದೆ. ವ್ಯಾಗನ್ನಿನ ಮೇಲೆ ಒಂದು ಹನಿ ನೀರಿನಲ್ಲಿ ತೇಲುತ್ತಿರುವ ಅದನ್ನು ಒದ್ದೆ ಬ್ರಷ್ಷಿನಿಂದ ಅತ್ತಿತ್ತ ಸರಿಸಿ, ರಿವೆಟ್ಟಿನ ಸಾಲಿಗೆ ನೇರ ಮಾಡಿ, ಅಂಚಿನಿಂದ ನೀರನ್ನು ಹೀರಿ ತೆಗೆಯಬೇಕು.

ಆಮೇಲೆ ಪೊರೆಯನ್ನು ಮೆದುಗೊಳಿಸುವ ದ್ರಾವಣ. ಅದು ತಾಗಿದೊಡನೆ ಡೆಕಾಲ್ ಸುಕ್ಕುಗಟ್ಟುತ್ತದೆ. ಮೊದಲ ಸಲ ಕಂಡವರಿಗೆ ಎಲ್ಲ ಕೆಟ್ಟೇಹೋಯಿತು ಅನ್ನಿಸುವಷ್ಟು ಸುಕ್ಕು. ಆ ಹೊತ್ತಿನಲ್ಲಿ ಅದನ್ನು ಮುಟ್ಟಕೂಡದು. ಒಣಗುತ್ತ ಒಣಗುತ್ತ ಸುಕ್ಕು ತಾನೇ ಬಿಡಿಸಿಕೊಂಡು, ಪೊರೆ ಒಂದೊಂದು ರಿವೆಟ್ಟನ್ನೂ ತಬ್ಬಿ, ಹಲಗೆಯ ಸಂದುಗಳಿಗೆ ಇಳಿದು ಕೂರುತ್ತದೆ. ಎಲ್ಲಾದರೂ ಗುಳ್ಳೆ ಉಳಿದಿದ್ದರೆ ಸೂಜಿಮೊನೆ ತಾಗಿಸಿ ಮತ್ತೊಂದು ಹನಿ ದ್ರಾವಣ. ಕೊನೆಗೆ ಹೊಳಪು ಅಡಗಿಸುವ ವಾರ್ನಿಷ್. ಆಗ ಅಕ್ಷರವನ್ನು ಅಲ್ಲಿಯವರೆಗೆ ಹೊತ್ತು ತಂದ ಪೊರೆಯ ಅಂಚು ಕಣ್ಣಿನಿಂದ ಮರೆಯಾಗುತ್ತದೆ. ಕಾಗದ, ಅಂಟು, ನೀರು, ಪೊರೆ ಎಲ್ಲವೂ ತಮ್ಮ ಕೆಲಸ ಮುಗಿಸಿ ಸರಿದುಕೊಳ್ಳುತ್ತವೆ. ಅಕ್ಷರ ಅಲ್ಲಿ ಮೊದಲಿನಿಂದಲೂ ಬರೆದಿದ್ದಂತೆಯೇ ಕಾಣುತ್ತದೆ.

ಇಷ್ಟು ಶ್ರಮಪಟ್ಟು ಕೂರಿಸಿದ ಅಂಕಿಯನ್ನು ಯಾರು ಓದುತ್ತಾರೆ? ಎರಡಡಿ ದೂರ ನಿಂತವರಿಗೆ ಅದು ಬಿಳಿಯ ಗೆರೆ, ಅಷ್ಟೇ. ಆದರೂ ಆ ಗೆರೆ ಸುಳ್ಳಾಗಕೂಡದೆಂದು ಒಬ್ಬರು ರಾತ್ರಿಯೆಲ್ಲ ಹಳೆಯ ಫೋಟೋ ನೋಡುತ್ತಾರೆ, ತೂಕ ಕೂಡುತ್ತಾರೆ, ತಾರೀಕು ಹುಡುಕುತ್ತಾರೆ. ಇದರಲ್ಲಿ ಕೀರ್ತಿಯ ಆಸೆ ಇರಲು ಎಡೆಯೇ ಇಲ್ಲ. ಇರುವುದು ಗೌರವ. ಮಳೆಯಲ್ಲೂ ಬಿಸಿಲಲ್ಲೂ ಯಾರ್ಡಿನಲ್ಲಿ ನಿಂತು, ಕೊರೆಯಚ್ಚು ಹಿಡಿದು, ಬಣ್ಣ ಹಾಯಿಸಿ, ಹೆಸರು ಬರೆಯದೆ ಮುಂದಿನ ವ್ಯಾಗನ್ನಿಗೆ ಹೋದ ಕೆಲಸಗಾರರಿಗೆ ಸಲ್ಲುವ ಗೌರವ. ಅವರ ಅಂಕಿಯನ್ನು ನಂಬಿಯೇ ಸರಕು ತುಂಬಿದರು, ಗಾಡಿಗಳು ಸೇತುವೆ ದಾಟಿದವು.

ತಿಳಿದರೆ ಬೆರಗು ಕರಗುತ್ತದೆ ಎಂಬ ಮಾತೊಂದಿದೆ. ಈ ಪುಟ್ಟ ಅಕ್ಷರಗಳ ಸಹವಾಸದಲ್ಲಿ ನನಗಾದ ಅನುಭವ ಇದಕ್ಕೆ ಪೂರ್ತಿ ಎದುರು. ತಿಳಿಯುವ ಮುನ್ನ ಅವು ನನಗೆ ಕಂಡೇ ಇರಲಿಲ್ಲ. ಕಾಣದ್ದಕ್ಕೆ ಬೆರಗಾಗುವುದು ಹೇಗೆ? ಅಂಕಿಯ ಹಿಂದೆ ತಕ್ಕಡಿ, ಚುಕ್ಕಿಯ ಹಿಂದೆ ತಪಾಸಣೆ, ಗುರುತಿನ ಹಿಂದೆ ಒಂದು ಖಂಡದ ಉದ್ದಗಲ ಇದೆಯೆಂದು ಅರಿತ ಮೇಲೆಯೇ ಬೆರಗು ಮೊದಲಾಯಿತು. ನಮ್ಮ ಸುತ್ತಲ ದುಡಿಮೆಯ ಲೋಕ ತನ್ನ ಬಗ್ಗೆ ಇಷ್ಟೊಂದನ್ನು ಬರೆದಿಟ್ಟುಕೊಂಡಿದೆ. ಓದಲು ಕಲಿತವರಿಗೆ ಯಾವ ಗೂಡ್ಸ್ ಗಾಡಿಯೂ ಬರಿದಾಗಿ ಹಾದುಹೋಗುವುದಿಲ್ಲ. ಕಣ್ಣಿಗೆ ನಿಲುಕದಷ್ಟು ಚಿಕ್ಕದನ್ನು ಸರಿಯಾಗಿ ಮಾಡಲು ಕಲಿತವರಿಗೆ ದೊಡ್ಡದನ್ನು ನಿಂತು ನೋಡುವ ತಾಳ್ಮೆಯೂ ಬರುತ್ತದೆ ಎಂದು ನಾನು ನಂಬಿದ್ದೇನೆ.