ಬೀಳದ ಬ್ಯಾಸ್ಕೆಟ್‌ನ ಲೆಕ್ಕ

ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಸಂಜೆ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿದ್ದರೆ, ಸ್ಕೋರ್ ಬರೆಯುವವರ ಬೆನ್ನ ಹಿಂದೆ ಹೋಗಿ ನಿಂತು ನೋಡಿ. ಅಧಿಕೃತ ಸ್ಕೋರ್ ಶೀಟಿನಲ್ಲಿ ಪ್ರತಿ ಆಟಗಾರನ ಹೆಸರಿನ ಮುಂದೆ ಐದು ಪುಟ್ಟ ಚೌಕಗಳಿರುತ್ತವೆ. ಅವು ಫೌಲ್‌ಗೆ ಮೀಸಲು. ಚೆಂಡು ಹಾಕಿದವನ ನಂಬರು ಪಕ್ಕದ ಕಾಲಂನಲ್ಲಿ ಸಾಲಾಗಿ ಇಳಿಯುತ್ತಾ ಹೋಗುತ್ತದೆ. 40 ನಿಮಿಷವೂ ಎದುರಾಳಿಯನ್ನು ರಿಂಗಿನ ಹತ್ತಿರ ಸುಳಿಯಗೊಡದವನ ಪಾಲಿಗೆ ಆ ಹಾಳೆಯಲ್ಲಿ ಉಳಿಯುವುದು ಅವನ ತಪ್ಪುಗಳಷ್ಟೇ. ಇದು ಅನ್ಯಾಯ ಎಂದೇ ನನಗೆ ಅನ್ನಿಸಿದೆ.

ಡಿಫೆನ್ಸ್ ಕೈಗೆ ಸಿಗದ ಗುಣ, ಅದನ್ನು ಎಣಿಸಲಾಗದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಾರಿಗೆ ಅಡ್ಡ ನಿಲ್ಲಲು ಎದುರಾಳಿಯ ಸ್ಕ್ರೀನ್ ಬರುತ್ತಿರುವುದನ್ನು ಕಂಡ ಹುಡುಗ ಕೂಗುತ್ತಾನೆ. ಜೊತೆಗಾರ ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಾನೆ. ಪಾಸ್ ಕೊಡಲು ಎದುರಾಳಿ ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ, ಶಾಟ್‌ಗೆ ಇರುವ 24 ಸೆಕೆಂಡು ಮುಗಿಯುತ್ತದೆ. ಇದರಲ್ಲಿ ಕಿವಿಗೆ ಕೇಳದ್ದು, ಕಣ್ಣಿಗೆ ಕಾಣದ್ದು ಯಾವುದಿದೆ? ನಾವು ಚೆಂಡನ್ನು ನೋಡುತ್ತಿದ್ದೆವು, ಅದಕ್ಕೇ ಕಾಣಲಿಲ್ಲ.

ಅಮೆರಿಕದ ಎನ್‌ಬಿಎ ಲೀಗ್ 1973–74ರ ಸೀಸನ್‌ಗೆ ಮುಂಚೆ ಬ್ಲಾಕ್, ಸ್ಟೀಲ್‌ಗಳನ್ನು ಬರೆದಿಡುತ್ತಲೇ ಇರಲಿಲ್ಲ. 13 ಸೀಸನ್‌ಗಳಲ್ಲಿ 11 ಪ್ರಶಸ್ತಿ ಗೆದ್ದ ತಂಡದ ಬೆನ್ನೆಲುಬಾಗಿದ್ದ ಬಿಲ್ ರಸೆಲ್ ಅಷ್ಟರಲ್ಲಿ ನಿವೃತ್ತನಾಗಿದ್ದ. ಅವನು ತಡೆದ ಚೆಂಡುಗಳ ಲೆಕ್ಕ ಯಾವ ಅಧಿಕೃತ ಪುಸ್ತಕದಲ್ಲೂ ಇಲ್ಲ. ಇಂದು ಅಲ್ಲಿ ಕ್ಯಾಮೆರಾಗಳು ಹತ್ತೂ ಜನರ ಚಲನೆಯನ್ನು ದಾಖಲಿಸುತ್ತವೆ, ಬೆರಳು ತಾಗಿ ದಿಕ್ಕು ತಪ್ಪಿದ ಪಾಸ್‌ಗೂ ಲೆಕ್ಕವಿದೆ.

ಹಾಗಾದರೆ ಆಗದೇ ಹೋದದ್ದನ್ನು ಬರೆಯುವುದು ಹೇಗೆ? ಹ್ಯೂಸ್ಟನ್ ರಾಕೆಟ್ಸ್‌ನ ಶೇನ್ ಬ್ಯಾಟಿಯರ್ ಬಗ್ಗೆ 2009ರಲ್ಲಿ ಮೈಕೆಲ್ ಲೂಯಿಸ್ ಬರೆದ ಲೇಖನದ ಜೀವಾಳವೇ ಈ ಪ್ರಶ್ನೆ. ಬ್ಯಾಟಿಯರ್‌ನ ಸ್ವಂತ ಅಂಕಿಗಳು ಸಾಧಾರಣ, ಆದರೆ ಅವನು ಅಂಗಳದಲ್ಲಿದ್ದಾಗ ತಂಡ ಚೆನ್ನಾಗಿ ಆಡುತ್ತಿತ್ತು. ಚೆಂಡಿಗೆ ಕೈಹಾಕುವ ಬದಲು ಶೂಟ್ ಮಾಡುವವನ ಕಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ವ್ಯತ್ಯಾಸ ನೋಡುವ ಪ್ಲಸ್-ಮೈನಸ್ ಎಂಬ ಲೆಕ್ಕ ಅವನ ಬೆಲೆಯನ್ನು ಹಿಡಿಯಿತು. ಆದರೆ ಅದಕ್ಕೆ ನೂರಾರು ಪಂದ್ಯಗಳು ಬೇಕು. ನಮ್ಮ ಲೀಗುಗಳಲ್ಲಿ ಹುಡುಗ ಆಡುವ ಬೆರಳೆಣಿಕೆಯ ಆಟಗಳಲ್ಲಿ ಐವರ ಬೆವರೂ ಒಂದರಲ್ಲೊಂದು ಬೆರೆತುಹೋಗುತ್ತದೆ.

ಸಂಖ್ಯೆಗೆ ನಿಜಕ್ಕೂ ಎಟುಕದ್ದು ಒಂದಿದೆ: ಉದ್ದೇಶ. ಇದಕ್ಕೆ ಕ್ರಿಕೆಟ್‌ನಿಂದ ಒಂದು ಉದಾಹರಣೆ. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ ಪಾಕಿಸ್ತಾನದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 74 ರನ್ನಿಗೆ ಹತ್ತೂ ವಿಕೆಟ್ ಪಡೆದರು. ಒಂಬತ್ತಾದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಎಸೆದರು, ಕೊನೆಯ ವಿಕೆಟ್ ಗೆಳೆಯನಿಗೇ ಸಿಗಲಿ ಎಂದು. ಆ ಇನ್ನಿಂಗ್ಸ್‌ನ ಸ್ಕೋರ್‌ಕಾರ್ಡಿನಲ್ಲಿ ಶ್ರೀನಾಥ್ ವಿಕೆಟ್ ಸೊನ್ನೆ. ದಣಿದ ಬೌಲರನ ವೈಡೂ ಆ ವೈಡೂ ಅಲ್ಲಿ ಒಂದೇ. ವ್ಯತ್ಯಾಸ ತಿಳಿದದ್ದು ನೋಡುತ್ತಿದ್ದವರಿಗೆ.

ಅಂಕಿ ನೋಡಿಯೇ ತಂಡ ಆರಿಸಿದರೆ ಮಕ್ಕಳು ಸ್ಟೀಲ್‌ನ ಆಸೆಗೆ ಮುನ್ನುಗ್ಗಿ ಹಿಂದೆ ಬಾಗಿಲು ತೆರೆದುಬಿಡುತ್ತಾರೆ. ಅದಕ್ಕೇ ಆಯ್ಕೆಗಾರರಲ್ಲಿ ನನ್ನದೊಂದು ಕೋರಿಕೆ. ಸ್ಕೋರರ್ ಪಕ್ಕದಲ್ಲಿ ಖಾಲಿ ಹಾಳೆ ಕೊಟ್ಟು ಇನ್ನೊಬ್ಬರನ್ನು ಕೂರಿಸಿ. ಚೆಂಡು ಎಲ್ಲಿದೆ ಎಂದು ಅವರು ನೋಡುವುದು ಬೇಡ. ಯಾರು ಕೂಗಿದರು, ಯಾರು ಸರಿದು ನಿಂತರು ಎಂದು ಬರೆಯಲಿ.